ರೆಡಿಮೇಡ್

ಊಟ ಬಲ್ಲವನಿಗೆ ರೋಗವಿಲ್ಲ, ದನಿ ಬಲ್ಲವನಿಗೆ ರೂಮು ಬಾಡಿಗೆಯಿಲ್ಲ. ಗಾದೆ ಸುಳ್ಳಾದರೂ ಆದೀತು, ಈ ಕಥೆ ಸುಳ್ಳಲ್ಲ.

ಬಸ್ಸಿಳಿದವನೇ ಅವನು ಬೆನ್ನಿನ ಚೀಲವನ್ನು ಕಂಬಕ್ಕೊರಗಿಸಿ ಅಪ್ಪನ ಫೋನು ಹೊರತೆಗೆದ. ಅಪ್ಪ ಇಡೀ ವರ್ಷಕ್ಕೆ ರೀಚಾರ್ಜ್ ಮಾಡಿಸಿ, ವರ್ಷ ತುಂಬುವ ಮೊದಲೇ ತೀರಿಕೊಂಡಿದ್ದ. ಸತ್ತವನ ಹೆಸರಿನಲ್ಲಿ ಇನ್ನೂ ಮಾತು ಉಳಿದಿತ್ತು. ದಂಡವಾಗಬಾರದೆಂದು ಅವನು ಪ್ರವಾಸಕ್ಕೆ ಅದನ್ನೇ ತಂದಿದ್ದ.

ಕಾಲೇಜೊಂದರಲ್ಲಿ ಅವನು ಅತಿಥಿ ಉಪನ್ಯಾಸಕ. ಹೋದಲ್ಲೆಲ್ಲ ಅತಿಥಿಯೇ. ರಜೆಯಲ್ಲಿ ಊರೂರು ಸುತ್ತುವಾಗ ಗೆಳೆಯರ ಚಾಪೆ, ಗೆಳೆಯರ ಸೋಪು. ಬದಲಿಗೆ ಒಂದಿಷ್ಟು ಮಿಮಿಕ್ರಿ. ಪ್ರಿನ್ಸಿಪಾಲರ ಗೊಗ್ಗರು ದನಿ, ಕಂಡಕ್ಟರನ ಮೂಗುದನಿ. ಗೆಳೆಯರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಆಮೇಲೆ ದೀಪ ಆರಿಸಿ ಮಲಗುತ್ತಿದ್ದರು. ಈ ಸಲ ದೊಡ್ಡ ಪಟ್ಟಣ ನೋಡಿ ಮುಗಿದಿತ್ತು. ಪಕ್ಕದ ಈ ಊರಿನಲ್ಲಿ ಅಣ್ಣನಿದ್ದ. ಒಂದು ಊಟ, ಒಂದು ಹಾಸಿಗೆ.

ಆದರೆ ಏನೆಂದು ಮಾತು ತೆಗೆಯುವುದು?

ಅಪ್ಪ ದರ್ಜಿ. ಅಣ್ಣ ಈ ಊರಿಗೆ ಬಂದು ರೆಡಿಮೇಡ್ ಬಟ್ಟೆಯ ಅಂಗಡಿ ಇಟ್ಟ. ‘ನನ್ನ ಕತ್ತರಿಗೇ ಕತ್ತರಿ ಹಾಕಿದ’ ಎಂದ ಅಪ್ಪ ಆಮೇಲೆ ಮಗನನ್ನು ಹೆಸರು ಹಿಡಿದು ಕರೆಯಲಿಲ್ಲ. ರೆಡಿಮೇಡ್ ಎಂದೇ ಕರೆದ. ಕೊನೆಗೊಮ್ಮೆ ‘ನನ್ನ ಹೆಣಕ್ಕೂ ಬರಬೇಡ’ ಎಂದ. ಅಪ್ಪನ ಮಾತುಗಳಲ್ಲಿ ಅಣ್ಣ ನಡೆಸಿಕೊಟ್ಟದ್ದು ಅದೊಂದನ್ನೇ. ಅಣ್ಣತಮ್ಮಂದಿರ ಮಾತೂ ಅಲ್ಲಿಗೇ ನಿಂತಿತ್ತು.

“ಅಣ್ಣಾ, ನಾನು...” ಎಂದು ಮೆಲ್ಲಗೆ ಅಭ್ಯಾಸ ಮಾಡಿದ. ಪ್ರಿನ್ಸಿಪಾಲರ ದನಿ ಬಂತು. ಕೆಮ್ಮಿ ಮತ್ತೆ ಹೇಳಿದ. ಕಂಡಕ್ಟರನದು ಬಂತು. ತನ್ನದು ಯಾವುದೆಂದು ಹುಡುಕುತ್ತ ನಿಲ್ಲಲು ಬಿಸಿಲು ಬಿಡಲಿಲ್ಲ. ಅಪ್ಪನದಾದರೆ ಸಲೀಸು. ಅಣ್ಣನ ನಂಬರು ಒತ್ತಿದ. ನೂಲಿನ ತುದಿ ಕಚ್ಚಿ ಉಗುಳುವ ಸದ್ದು, ಹಿಂದೆಯೇ ಮಾತು.

“ತ್ಫು! ಏನೋ ರೆಡಿಮೇಡು, ಬಸ್ ಸ್ಟ್ಯಾಂಡಲ್ಲಿದೀನಿ. ಬಂದು ಕರ್ಕೊಂಡು ಹೋಗ್ತೀಯೋ, ಇಲ್ಲೇ ಒಣಗ್ಲೋ?”

‘ಥೂ ಕಪಿ’ ಎಂಬ ಅಣ್ಣನ ಬೈಗುಳಕ್ಕೆ ಕಾದ. ಆ ಕಡೆ ಕಂಬಿಯ ಮೇಲೆ ಹ್ಯಾಂಗರುಗಳು ಜರುಗಿದ ಸದ್ದು.

“ಬಂದೆ ಅಪ್ಪಾ. ಅಲ್ಲೇ ಇರು. ಎಲ್ಲೂ ಹೋಗ್ಬೇಡ.”

ಫೋನು ಕಟ್ಟಾಯಿತು. ಮತ್ತೆ ಮಾಡಿ ನಿಜ ಹೇಳಬಹುದಿತ್ತು. ಯಾರ ದನಿಯಲ್ಲಿ?

ಅಣ್ಣ ಕಾರನ್ನು ಅಡ್ಡಾದಿಡ್ಡಿ ನಿಲ್ಲಿಸಿ ಓಡಿಬಂದ. ಕೈಯಲ್ಲೊಂದು ಹೊಸ ಬಿಳಿ ಶರ್ಟು. ಪಿನ್ನು, ಕಾಲರಿನ ರಟ್ಟು ಇನ್ನೂ ತೆಗೆದಿರಲಿಲ್ಲ. ತಮ್ಮನ ಭುಜದಾಚೆ ಕಣ್ಣು ಹಾಯಿಸಿದ. ಬೆಂಚು, ಕಂಬ, ಶೌಚಾಲಯದ ಬಾಗಿಲು.

“ನೀನೊಬ್ನೇನಾ?”

“ಒಬ್ನೇ.”

“ಅಪ್ಪ?”

“ತಮಾಷೆಗೆ ಅಣ್ಣಾ. ಸತ್ತಿದ್ದು ಗೊತ್ತಿಲ್ವಾ ನಿನಗೆ?”

“ಗೊತ್ತು. ಫೋನಲ್ಲಿ ‘ಅಪ್ಪ’ ಅಂತ ಬಂತು.” ಅಣ್ಣ ಶರ್ಟನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದ. “ಸತ್ತಿದ್ದು ನಾನು ನೋಡಿಲ್ವಲ್ಲ.”

ಆಮೇಲೆ ನಕ್ಕ.

“ಉಗುಳೋದೂ ಅದೇ ಥರ ಕಣೋ! ಇನ್ನೊಂದ್ಸಲ ಮಾಡು. ‘ಆಯ್ತು, ನಿನ್ನ ಮನೆಗೆ ಬರ್ತೀನಿ’ ಅನ್ನು.”

“ಬಿಡು ಅಣ್ಣಾ.”

“ಒಂದೇ ಸಲ. ಆಮೇಲೆ ಎಷ್ಟು ದಿನ ಬೇಕಾದ್ರೂ ಇರು.”

ಎಷ್ಟು ದಿನ ಬೇಕಾದರೂ. ಅವನು ತುಟಿ ಒದ್ದೆ ಮಾಡಿಕೊಂಡ. ‘ತ್ಫು’ ಸರಿಯಾಗಿಯೇ ಬಂತು. ಆದರೆ ಅಪ್ಪ ಎಂದೂ ಆಡದ ಮಾತು ಅಪ್ಪನ ದನಿಗೆ ಹತ್ತಲಿಲ್ಲ. ದನಿ ತನಗೆ ರೂಢಿಯಿದ್ದುದನ್ನೇ ಹೇಳಿತು.

“ನನ್ನ ಹೆಣಕ್ಕೂ ಬರಬೇಡ.”

ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅಷ್ಟು ಚೆನ್ನಾಗಿ ಅವನು ಎಂದೂ ಮಾಡಿರಲಿಲ್ಲ. ತನ್ನ ಚಳಕ ತನಗೇ ಹಿಡಿಸಿ, ಕಿಸಕ್ಕನೆ ನಕ್ಕುಬಿಟ್ಟ.

ಅಣ್ಣ ಅವನಿಗಿಂತ ಜೋರಾಗಿ ನಕ್ಕ. ಬಸ್ಸಿಗೆ ಕಾದವರು ತಿರುಗಿ ನೋಡಿ, ಏನೆಂದು ತಿಳಿಯದೆ ತಾವೂ ನಕ್ಕರು. ಎಲ್ಲರನ್ನೂ ಮೀರಿಸಿ ಅಣ್ಣ ನಕ್ಕ. ನಗುತ್ತಲೇ ಹೋಗಿ ಕಾರಿನ ಮುಂದಿನ ಬಾಗಿಲು ತೆಗೆದ. ತಮ್ಮ ಹತ್ತಲು ಹೋದರೆ ಮೊಣಕೈಯಲ್ಲಿ ತಡೆದ.

“ನೀನು ಹಿಂದೆ ಕೂತ್ಕೋ.”

ಪಿನ್ನು ಕಿತ್ತು, ಶರ್ಟನ್ನು ಕೊಡವಿ ಮುಂದಿನ ಸೀಟಿಗೆ ಒರಗಿಸಿದ. ತೋಳುಗಳನ್ನು ತೊಡೆಯಿರಬೇಕಾದ ಕಡೆ ಜೋಡಿಸಿದ. ಬೆಲ್ಟು ಎಳೆದು, ಕ್ಲಿಕ್ಕೆನ್ನುವವರೆಗೆ ಒತ್ತಿದ.

ಕಾರು ಹೊರಟಿತು. ಹಿಂದಿನಿಂದ ಓರೆಯಾಗಿ ಅವನಿಗೆ ಕಾಣುತ್ತಿದ್ದುದು ರಟ್ಟಿನ ಕಾಲರು. ನೆಟ್ಟಗೆ, ಗಂಭೀರವಾಗಿ ನಿಂತಿತ್ತು. ಒಳಗೆ ಯಾರ ಕೊರಳೂ ಇರಲಿಲ್ಲ.

“ಅಣ್ಣಾ...” ಎಂದ ಅವನು. ಯಾರ ದನಿಯೋ ತಿಳಿಯಲಿಲ್ಲ.

ತಿರುವಿನಲ್ಲಿ ಬಿಳಿ ತೋಳೊಂದು ತೊಡೆಯಿಂದ ಜಾರಿ ನೇತಾಡಿತು. ಅದನ್ನು ಮೆಲ್ಲಗೆ ಎತ್ತಿ ಸ್ವಸ್ಥಾನಕ್ಕೆ ಸೇರಿಸುತ್ತ ಅಣ್ಣ ಇನ್ನೂ ನಗುತ್ತಲೇ ಇದ್ದ.