ಮೆತ್ತಣ್ಣ ಮತ್ತೆ ಹೊಲಿದ ಹಾಸಿಗೆ

ಮಗು ಹೋಗಿ ವಾರವಾಗಿತ್ತು. ಆದರೂ ಹಾಲೂಡುವ ಹೊತ್ತಾದರೆ ತಾಯಿಯ ರವಿಕೆ ಒದ್ದೆಯಾಗುತ್ತಿತ್ತು. ಹಾಲಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ. ಮಗುವಿಗೆ ಜ್ವರವಿರಲಿಲ್ಲ, ಕೆಮ್ಮಿರಲಿಲ್ಲ. ಮಧ್ಯಾಹ್ನ ಮಲಗಿದ್ದು ಏಳಲಿಲ್ಲ, ಅಷ್ಟೇ.

ಗಂಡನದು ಹಾಸಿಗೆ ಹೊಲಿಯುವ ಕೆಲಸ, ಮನೆಯ ಮುಂಭಾಗದಲ್ಲೇ ಅಂಗಡಿ. ಬೀದಿಗೆಲ್ಲ ಅವನು ಮೆತ್ತಣ್ಣ. ಅವನ ಹಾಸಿಗೆ ಕೊಂಡವರು ದಿನಾ ಕೆಲಸಕ್ಕೆ ತಡವಾಗಿ ಹೋಗುತ್ತಾರೆ ಎಂದು ಜನ ರೇಗಿಸುತ್ತಿದ್ದರು. ಮಗಳು ಹುಟ್ಟಿದಾಗ ಅಂಗಡಿಯ ಒಳ್ಳೆಯ ಅರಳೆಯನ್ನೇ ಆರಿಸಿ ಪುಟ್ಟ ಹಾಸಿಗೆ ಹೊಲಿದಿದ್ದ. ಕೈ ಇಟ್ಟರೆ ಮಣಿಕಟ್ಟಿನವರೆಗೆ ಮುಳುಗುತ್ತಿತ್ತು. ಮಗು ತೀರಿಕೊಂಡ ಮರುದಿನ ಅದನ್ನು ಬಿಚ್ಚಿ, ಅರಳೆಯನ್ನು ಅಂಗಡಿಯ ರಾಶಿಗೆ ಸೇರಿಸಿಬಿಟ್ಟ. ಅದನ್ನು ನೋಡಿಕೊಂಡು ಇರಲು ಅವನಿಂದಾಗಲಿಲ್ಲ.

ಶವಪರೀಕ್ಷೆ ಮಾಡಿದ ಆಸ್ಪತ್ರೆಯವರು ಕಾಯಿಲೆಯಿಲ್ಲ, ಪೆಟ್ಟಿಲ್ಲ ಎಂದಿದ್ದರು. ಮತ್ತೇನು ಎಂದರೆ ಅತ್ತೆಯ ಬಳಿ ಉತ್ತರ ಸಿದ್ಧವಿತ್ತು: ಸೊಸೆಯ ಹಾಲಿನಲ್ಲೇ ದೋಷ. ಸೊಸೆಗೆ ಮಗಳು ಬೇಕಿತ್ತು. ಅದಾಗದಿದ್ದರೆ, ಮಗಳು ಯಾಕೆ ಹೋದಳು ಎಂಬುದಾದರೂ ತಿಳಿಯಬೇಕಿತ್ತು.

ಇಂಥ ಸಾವುಗಳ ತನಿಖೆ ಮಾಡುವ ಡಾಕ್ಟರಮ್ಮ ಒಂದು ದಿನ ಮನೆಗೆ ಬಂದರು. ಜೊತೆಗೆ ಪಕ್ಕದ ಮನೆಯ ನರ್ಸಕ್ಕ. ಡಾಕ್ಟರಮ್ಮನ ಚೀಲದಲ್ಲಿ ಮಗುವಿನಷ್ಟೇ ದೊಡ್ಡ ಬಟ್ಟೆಯ ಗೊಂಬೆಯಿತ್ತು. ಮಗುವನ್ನು ಹೇಗೆ ಮಲಗಿಸಿದ್ದಿರಿ, ಎದ್ದಿಲ್ಲವೆಂದು ನೋಡಿದಾಗ ಹೇಗಿತ್ತು, ಇದನ್ನಿಟ್ಟು ತೋರಿಸಿ ಎಂದರು.

ಮೆತ್ತಣ್ಣ ಬಾಗಿಲಿಗೆ ಅಡ್ಡ ನಿಂತ. "ಕೊಯ್ದಿದ್ದು ಸಾಲದಾ? ಈಗ ನಮ್ಮ ಮೇಲೇ ಅನುಮಾನಾನಾ? ಅಂಗಾತ ಮಲಗಿಸಿದ್ದೆ ಅಂತ ಪೊಲೀಸರಿಗೆ ಹೇಳಿದ್ದೀನಲ್ಲ."

"ಅನುಮಾನಕ್ಕಲ್ಲ ಕಣೋ," ಎಂದಳು ನರ್ಸಕ್ಕ. "ದೇಹ ಎಲ್ಲಾನೂ ಹೇಳಲ್ಲ. ಮಲಗಿದ್ದ ಜಾಗಾನೂ ನೋಡಬೇಕು. ನೀನು ಹೀಗೆ ಅಡ್ಡ ನಿಂತರೆ ಎಲ್ಲ ನಿನ್ನ ಹೆಂಡತಿ ತಲೆಗೇ ಕಟ್ತಾರೆ, ಅಷ್ಟೇ."

ಹಾಸಿಗೆ ಎಲ್ಲಿ ಎಂದು ಡಾಕ್ಟರಮ್ಮ ಕೇಳಿದರು. ಬಿಚ್ಚಿ ಇದಕ್ಕೇ ಸೇರಿಸಿಬಿಟ್ಟೆ ಎಂದು ಅವನು ಅರಳೆಯ ರಾಶಿ ತೋರಿಸಿದ. ಅವರು ಬೈಯಲಿಲ್ಲ, ಅಂಥದ್ದೇ ಇನ್ನೊಂದು ಹೊಲಿದುಕೊಡಲು ಆಗುತ್ತದೆಯೇ ಎಂದರು. ಆಗಲ್ಲ ಎಂದ.

ಹೆಂಡತಿ ಗವಸಿನ ಬಟ್ಟೆ ತಂದು ಅವನ ಮುಂದಿಟ್ಟಳು. "ಹೊಲೀರಿ. ನಂಗೆ ಗೊತ್ತಾಗಬೇಕು."

ಅವನು ಕೂತು ಗವಸಿಗೆ ಅಷ್ಟೇ ಅರಳೆ ತುಂಬಿದ, ಅಷ್ಟೇ ಸಡಿಲವಾಗಿ ಹೊಲಿದ. ಗೊಂಬೆಯನ್ನು ಅಂಗಾತ ಇಟ್ಟ. ಹೆಂಡತಿಯ ಮುಖ ನೋಡಿದ. ಆಮೇಲೆ ಗೊಂಬೆಯನ್ನು ಮಗುಚಿ ಹಾಕಿದ.

"ಬೋರಲು ಮಲಗಿಸಿದ್ದೆ. ಹಾಗಾದ್ರೆ ಬೇಗ ನಿದ್ದೆ ಹೋಗ್ತಿದ್ದಳು. ಹೆದರಿ ಸುಳ್ಳು ಹೇಳಿದೆ."

ಗೊಂಬೆಯ ಮುಖ ಕಿವಿಯವರೆಗೆ ಅರಳೆಯೊಳಗೆ ಇಳಿದಿತ್ತು.

ಇದೇ ಕಾರಣ ಎಂದು ಆಣೆ ಮಾಡಿ ಹೇಳಲಾಗದು ಎಂದರು ಡಾಕ್ಟರಮ್ಮ. ಎಲ್ಲ ಪರೀಕ್ಷೆ ಮಾಡಿದರೂ ಕೆಲವು ಸಾವುಗಳಿಗೆ ಉತ್ತರ ಸಿಗುವುದಿಲ್ಲ. ಆದರೆ ಮೆತ್ತನೆಯ ಹಾಸಿಗೆಯಲ್ಲಿ ಬೋರಲು ಮಲಗಿದ ಕೂಸಿಗೆ ಉಸಿರುಕಟ್ಟಬಹುದು, ತಲೆಯೆತ್ತಿಕೊಳ್ಳುವ ಶಕ್ತಿ ಅದಕ್ಕಿರುವುದಿಲ್ಲ. ಹಾಲಿನಲ್ಲಿ ಯಾವ ದೋಷವೂ ಇರಲಿಲ್ಲ. ಈ ಮಾತನ್ನು ಅವರು ಅತ್ತೆಯ ಕಡೆ ತಿರುಗಿ ಹೇಳಿದರು.

"ನಮ್ಮ ಕಾಲದ ಮಕ್ಕಳೆಲ್ಲ ಬೋರಲೇ ಮಲಗ್ತಿದ್ವು," ಎಂದು ಅತ್ತೆ ಗೊಣಗಿದಳು.

"ಉಳಿದವರನ್ನಷ್ಟೇ ಎಣಿಸ್ತಿದ್ದೀರಿ ಅಮ್ಮ," ಎಂದಳು ನರ್ಸಕ್ಕ.

ಅತ್ತೆ ಎದ್ದು ಸೊಸೆಯ ಪಕ್ಕ ಹೋಗಿ ಕೂತಳು. ಹಾಲಿನ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಗೊಂಬೆ ವಾಪಸ್ ಕೊಡಬೇಕಿತ್ತು. ತಾಯಿ ಅದನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಡಾಕ್ಟರಮ್ಮ ಕೈ ಚಾಚಲಿಲ್ಲ, ಕಾದರು.

ಓದುತ್ತಿರುವ ನಿಮಗೆ ಹೇಳುವುದಿಷ್ಟು. ಕೂಸನ್ನು ಯಾವಾಗಲೂ ಅಂಗಾತ ಮಲಗಿಸಿ, ಗಟ್ಟಿಯಾದ ಸಮ ಹಾಸಿಗೆಯ ಮೇಲೆ. ದಿಂಬು ಬೇಡ, ದಪ್ಪ ಹೊದಿಕೆ ಬೇಡ. ಕೂಸು ಮಲಗುವುದು ನಿಮ್ಮ ಕೋಣೆಯಲ್ಲೇ ಇರಲಿ, ಆದರೆ ಅದರ ಹಾಸಿಗೆ ಬೇರೆಯಿರಲಿ. ಮಗು ಉಸಿರಾಡುತ್ತಿಲ್ಲ ಅನ್ನಿಸಿದರೆ ಮೊದಲು ಆಂಬುಲೆನ್ಸ್ ಕರೆಯಿರಿ. ಉಳಿಯದೇ ಹೋದರೆ, ಹಾಸಿಗೆ ಬಟ್ಟೆ ಒಗೆಯಬೇಡಿ, ಬಿಚ್ಚಬೇಡಿ. ತನಿಖೆಗೆ ಬಂದವರನ್ನು ಒಳಗೆ ಕರೆಯಿರಿ, ನಡೆದದ್ದನ್ನು ನಡೆದ ಹಾಗೇ ಹೇಳಿ. ಮಗುವನ್ನು ಕಳಕೊಂಡ ತಾಯಿ ನಿಮ್ಮ ಬೀದಿಯಲ್ಲಿದ್ದರೆ ತಪ್ಪು ಯಾರದೆಂದು ಕೇಳಬೇಡಿ. ಅವಳ ಪಕ್ಕ ಹೋಗಿ ಕೂತುಕೊಳ್ಳಿ.