ಸೀಟಿನ ಮೇಲಿನ ಟವೆಲ್

ನಮ್ಮ ಹಳೇ ಕಾರಿನವರ ಬಳಗಕ್ಕೆ ಇರುವುದು ಒಂದೇ ಕಾನೂನು: ಬಾನೆಟ್ಟು ಎಲ್ಲರದು, ಸ್ಟೇರಿಂಗು ಯಜಮಾನನದು. ಯಾರ ಕಾರು ಕೆಟ್ಟರೂ ಎಲ್ಲರೂ ಬಾನೆಟ್ಟಿನೊಳಗೆ ತಲೆ ಹಾಕಬಹುದು, ಕೈ ಮಸಿ ಮಾಡಿಕೊಳ್ಳಬಹುದು. ಓಡಿಸುವವನು ಮಾತ್ರ ಯಜಮಾನನೇ. ಈ ಕಾನೂನು ಮಾಡಿದವನು ನಾನು, ಪಾಂಡವಪುರದ ಶಿವಲಿಂಗಯ್ಯ. ವಯಸ್ಸು ಎಪ್ಪತ್ತೊಂದು. ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದೆ.

ನನ್ನದು ಎಪ್ಪತ್ತೆರಡನೇ ಇಸವಿಯ ಅಂಬಾಸಿಡರ್. ಮುಂದಿನ ಸೀಟು ಬೆಂಚಿನ ಹಾಗೆ ಒಂದೇ ಉದ್ದ, ಅದರ ರೆಕ್ಸಿನ್ನಿನ ಒಂದು ಹೊಲಿಗೆಯನ್ನೂ ನಾನು ಬಿಚ್ಚಿಸಿಲ್ಲ. ಎಲ್ಲ ಒರಿಜಿನಲ್. ನನ್ನ ಹೆಂಡತಿ ಸರಸಮ್ಮ ಎಡಗಡೆ ಕೂರುವಾಗಲೆಲ್ಲ ಒಂದು ಟವೆಲ್ ಮಡಿಸಿ ಹಾಕಿಕೊಳ್ಳುತ್ತಿದ್ದಳು. ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಬಸ್ಸಿನಲ್ಲಿ ಸೀಟು ಹಿಡಿದ ಹಾಗೆ ಇದೇನು ಅವಲಕ್ಷಣ! ಅವಳು ಇಳಿದ ತಕ್ಷಣ ಅದನ್ನು ಸೀಟಿನ ಕೆಳಗೆ ತುರುಕುತ್ತಿದ್ದೆ.

ಹೋದ ಶ್ರಾವಣದಲ್ಲಿ ಮೈಸೂರಿನ ಕಣ್ಣಿನ ಡಾಕ್ಟರು ನನ್ನನ್ನು ಕೂರಿಸಿಕೊಂಡು, ಕಣ್ಣಿನ ನರ ಒಣಗುತ್ತಿದೆ, ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ಇನ್ನು ಗಾಡಿ ಓಡಿಸಬೇಡಿ ಎಂದರು. ತಲೆಯಾಡಿಸಿ ಬಂದೆ. ಓಡಿಸುತ್ತಲೇ ಇದ್ದೆ. ಬಳಗದಲ್ಲಿ ಒಬ್ಬರಿಗೂ ಹೇಳಲಿಲ್ಲ. ಸ್ಟೇರಿಂಗು ಬಿಟ್ಟ ಮೇಲೆ ನನ್ನನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ ಎಂಬ ಹೆದರಿಕೆ ನನಗೆ. ಪಕ್ಕದಲ್ಲಿ ಕೂತ ಸರಸಮ್ಮ "ರೀ, ಎಮ್ಮೆ," "ರೀ, ಎಡಗಡೆ ಸೈಕಲ್ಲು" ಎಂದು ಕೂಗುತ್ತಿದ್ದಳು. "ನಂಗೇನ್ ಕಣ್ ಕಾಣಕಿಲ್ವಾ?" ಎಂದು ನಾನು ರೇಗುತ್ತಿದ್ದೆ. ಕೂಗಿದ್ದಕ್ಕೆ ತಕ್ಕಂತೆ ಬ್ರೇಕನ್ನೂ ಒತ್ತುತ್ತಿದ್ದೆ.

ಜನವರಿಯಲ್ಲಿ ಗೋವಿಂದನಹಳ್ಳಿ ದೇವಸ್ಥಾನದವರೆಗೆ ಎಲ್ಲರೂ ಕಾರು ಓಡಿಸಿಕೊಂಡು ಹೋಗುವುದೆಂದು ತೀರ್ಮಾನವಾಯಿತು. ಸರಸಮ್ಮ ಚಕ್ಕಂಬಕ್ಕಳ ಹಾಕಿ ಕೂತುಬಿಟ್ಟಳು.

"ನೀವು ಓಡ್ಸೋದಾದ್ರೆ ನಾ ಬರಕಿಲ್ಲ. ಕೂಗೀ ಕೂಗೀ ಗಂಟ್ಲು ಒಣಗೋಯ್ತು."

"ಬರ್ದಿದ್ರೆ ಬುಡು," ಎಂದು ಹೊರಟೆ.

ಶ್ರೀರಂಗಪಟ್ಟಣದಲ್ಲಿ ಬೆಳಗ್ಗೆ ಆರೂವರೆಗೆಲ್ಲ ಸೇರಿದೆವು. ಮೂರೇ ಗಾಡಿ. ಡೇರಿ ನಡೆಸುವ ಕುಮಾರ್ ತನ್ನ ಹಳೇ ಜೀಪು ತಂದಿದ್ದ. ಅವನ ಜೊತೆ ಸಂತೋಷ್ ಬಂದಿದ್ದ, ಸಂತೋಷನ ಫಿಯೆಟ್ಟು ಬಣ್ಣ ಹೊಡೆಸಲು ಹೋಗಿತ್ತು. ಇನ್ನೊಂದು ಅರ್ಪಿತಳ ಕೆನೆಬಣ್ಣದ ಹೆರಾಲ್ಡ್ ಕಾರು. ಅವಳಿಗೆ ಇಪ್ಪತ್ತಾರು ವರ್ಷ, ಕೆ.ಆರ್. ಪೇಟೆಯ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಪಾಠ ಮಾಡುತ್ತಾಳೆ. ಬೀಡಿ ಕಟ್ಟಿನ ಕಾಗದ ಮಡಿಸಿ, ಎಂಜಿನ್ನಿಗೆ ಕಿಡಿ ಕೊಡುವ ಕಾಂಟ್ಯಾಕ್ಟ್ ಪಾಯಿಂಟಿನ ಸಂದು ಅಳೆಯುವುದನ್ನು ನಾನು ಅವಳಿಗೆ ಕಲಿಸಿದ್ದೆ. ಯಾವ ಊರಿನಲ್ಲಿ ಯಾವ ಹಳೇ ಸಾಮಾನು ಸಿಗುತ್ತದೆಂದು ಅವಳು ಫೋನಿನಲ್ಲಿ ಹುಡುಕಿ ಕೊಡುತ್ತಿದ್ದಳು. ಇಬ್ಬರಿಗೂ ಜಗಳ ಚೆನ್ನಾಗಿ ಬರುತ್ತಿತ್ತು.

ಹಿರಿಯನ ಗಾಡಿ ಮುಂದೆ ಹೋಗುವುದು, ಅದನ್ನು ಯಾರೂ ಓವರ್‌ಟೇಕ್ ಮಾಡದಿರುವುದು ನಮ್ಮಲ್ಲಿ ರೂಢಿ. ಅವತ್ತು ನಾನು, "ಅರ್ಪಿತಾ, ಇವತ್ ನೀನೇ ಮುಂದೋಗವ್ವ. ಚಿಕ್ಕೋರೂ ಕಲೀಲಿ," ಎಂದೆ. ಎಲ್ಲರೂ ನನ್ನ ದೊಡ್ಡ ಮನಸ್ಸನ್ನು ಹೊಗಳಿದರು. ಹಿಂಬಾಲಿಸಲು ನನಗೊಂದು ಗಾಡಿ ಬೇಕಾಗಿತ್ತು, ಅಷ್ಟೇ. ಹೆರಾಲ್ಡ್ ಕೆನೆಬಣ್ಣದ್ದು, ಮೇಲಾಗಿ ಹೊಗೆ ಬಿಡುತ್ತದೆ. ಆ ಬಣ್ಣ, ಆ ಹೊಗೆ ಹಿಡಿದರೆ ಗೋವಿಂದನಹಳ್ಳಿ ಬಂದೇ ಬರುತ್ತದೆ ಎಂದುಕೊಂಡೆ.

ಪಾಂಡವಪುರ ದಾಟಿದ ಮೇಲೆ ಮಂಜು ದಟ್ಟವಾಯಿತು. ಕಬ್ಬಿನ ಗದ್ದೆಗಳ ನಡುವೆ ಮುಂದಿನ ಹೊಗೆ ಬಲಕ್ಕೆ ತಿರುಗಿತು, ನಾನೂ ತಿರುಗಿದೆ. ಮಣ್ಣಿನ ದಾರಿ. ಯಾರೋ ಹೆಂಗಸು ಕೂಗಿದ್ದು ಕೇಳಿಸಿತು. ಸ್ವಲ್ಪ ದೂರ ಹೋಗಿ ಹೊಗೆ ನಿಂತಿತು.

ನಾನು ಕಿಟಕಿಯಿಂದ ತಲೆ ಹಾಕಿ, "ಇಲ್ಯಾಕ್ ನಿಲ್ಸ್‌ದೆ ಅರ್ಪಿತಾ?" ಎಂದು ಗದರಿದೆ.

"ಯಾರ್ಲಾ ಅದು ಅರ್ಪಿತ?" ಎಂದು ಮುಂದಿನಿಂದ ದಪ್ಪ ಗಂಡು ದನಿ ಕೇಳಿಸಿತು.

ಅದು ಮಂಜಿನಲ್ಲಿ ಯಾವಾಗಲೋ ನಡುವೆ ಸೇರಿಕೊಂಡಿದ್ದ, ಕಬ್ಬು ಹೊತ್ತ ಕೆನೆಬಣ್ಣದ ಟೆಂಪೊ. ಬಂದು ನಿಂತಿದ್ದು ದ್ಯಾವಯ್ಯ ಎಂಬುವರ ಆಲೆಮನೆಯ ಮುಂದೆ. ನನ್ನ ಬಾಲ ಹಿಡಿದು ಕುಮಾರನ ಜೀಪೂ ಬಂದು ನಿಂತಿತು.

"ಅಣ್ಣೋ, ಇಲ್ಯಾಕ್ ಬಂದ್ಬುಟ್ಟೆ?" ಎಂದ ಕುಮಾರ್.

"ಬಿಸಿ ಬೆಲ್ಲ ತಿನ್ಸಾನ ಅಂತ ಕಣ್ಲಾ," ಎಂದೆ. ಸುಳ್ಳು ಬಾಯಿಗೆ ತಾನಾಗಿ ಬಂತು. ಅವರಿಬ್ಬರೂ ನಂಬಿ ಖುಷಿಯಾದರು. ದ್ಯಾವಯ್ಯ ಎಲೆಯ ಮೇಲೆ ಬಿಸಿ ಬೆಲ್ಲ ಹಾಕಿಕೊಟ್ಟರು. ಬಚಾವಾದೆ ಎಂದುಕೊಂಡೆ.

ಅಷ್ಟರಲ್ಲಿ ಹುಲ್ಲಿನ ಹೊರೆ ಹೊತ್ತ ಒಬ್ಬ ಮುದುಕಿ ಏದುಸಿರು ಬಿಡುತ್ತ ಬಂದಳು. ಹೊರೆ ಕೆಳಗೆ ಹಾಕಿ ನೇರ ನನ್ನ ಮುಂದೆ ನಿಂತಳು. ದ್ಯಾವಯ್ಯ, "ಏನಾಯ್ತು ಮಂಚಮ್ಮ?" ಎಂದರು.

"ಈ ಮೂದೇವಿ ತಿರುವ್ನಾಗೆ ನನ್ ಸೆರಗ್ ಸವರ್ಕಂಡ್ ಬಂದವ್ನೆ! ನಾ ಗದ್ದೆಗೆ ಬಿದ್ದು ಉಳ್ಕಂಡೆ. ಲೇ, ಕಣ್ ಕಾಣಕಿಲ್ವೇನ್ಲಾ ನಿಂಗೆ?"

ಅವಳ ಮೊಣಕೈಯಿಂದ ರಕ್ತ ಇಳಿಯುತ್ತಿತ್ತು. ನಾನು ಅವಳನ್ನು ನೋಡಿರಲೇ ಇಲ್ಲ. ನೆರಳು ಕೂಡ ಕಂಡಿರಲಿಲ್ಲ. ಕೈಯಲ್ಲಿದ್ದ ಬೆಲ್ಲದ ಎಲೆಯನ್ನು ಬಾನೆಟ್ಟಿನ ಮೇಲಿಟ್ಟೆ. ಕಾರು ಇನ್ನೊಂದು ಗೇಣು ಅವಳ ಕಡೆ ಸರಿದಿದ್ದರೆ ಈ ಜೀವ ಹೋಗುತ್ತಿತ್ತಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು.

"ಇಲ್ಲ ಕಣವ್ವ," ಎಂದೆ. "ಕಾಣಕಿಲ್ಲ. ಡಾಕ್ಟ್ರು ಆರ್ ತಿಂಗ್ಳಿಂದೆನೇ ಯೋಳವ್ರೆ. ತಪ್ಪಾಯ್ತು."

ಮಂಚಮ್ಮ ಬೈಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಸಂತೋಷ್ ಜೀಪಿನಿಂದ ಔಷಧಿ ತಂದು ಅವಳ ಕೈಗೆ ಹಚ್ಚಿದ.

ಹಿಂದೆ ನಾವಿಲ್ಲದ್ದನ್ನು ಕಂಡ ಅರ್ಪಿತ ಫೋನ್ ಮಾಡಿ ದಾರಿ ಕೇಳಿಕೊಂಡು ವಾಪಸ್ ಬಂದಳು. ಕುಮಾರ್ ಅವಳಿಗೆ ಎಲ್ಲ ಹೇಳಿದ. ನಾನು ಬೀಗದಕೈ ಚಾಚಿದೆ.

"ತಾತ, ಸ್ಟೇರಿಂಗು ಯಜಮಾನಂದು," ಎಂದಳು. ಕೈ ಹಿಂದಕ್ಕೆ ಕಟ್ಟಿಕೊಂಡಿದ್ದಳು.

"ಯಜಮಾನ್ನೇ ಯೋಳ್ತಾವ್ನೆ. ಕೂತ್ಕೊ."

ಅವಳು ಬೀಗದಕೈ ತೆಗೆದುಕೊಂಡು, ತನ್ನ ಹೆರಾಲ್ಡನ್ನು ಓಡಿಸಲು ಸಂತೋಷನಿಗೆ ಕೊಟ್ಟಳು. ನಾನು ಸುತ್ತಿ ಬಂದು ಎಡಗಡೆಯ ಬಾಗಿಲು ತೆಗೆದು ಕೂತೆ. ಕಾರು ಕೊಂಡಾಗಿನಿಂದ, ಮೂವತ್ತೆರಡು ವರ್ಷದಲ್ಲಿ, ಆ ಕಡೆ ಕೂತಿದ್ದು ಅದೇ ಮೊದಲು. ಮಣ್ಣಿನ ದಾರಿಯ ಮೊದಲನೇ ಹಳ್ಳಕ್ಕೆ ಏನೋ ತೊಡೆಗೆ ಚುಚ್ಚಿತು. ಎರಡನೆಯದಕ್ಕೆ ಇನ್ನೂ ಜೋರಾಗಿ ಚುಚ್ಚಿತು. ಒಳಗಿನ ಸ್ಪ್ರಿಂಗು ಮುರಿದಿತ್ತು. ಮೇಲೆ ರೆಕ್ಸಿನ್ನು ನುಣ್ಣಗೆ ಹೊಳೆಯುತ್ತಿತ್ತು. ಕೆ.ಆರ್. ಪೇಟೆ ಬರುವ ಹೊತ್ತಿಗೆ ತಡೆಯಲಾಗದೆ, ಸೀಟಿನ ಕೆಳಗೆ ಕೈ ಹಾಕಿ ಟವೆಲ್ ಎಳೆದು, ಮಡಿಸಿ ಹಾಕಿಕೊಂಡೆ.

"ಏನ್ ತಾತ, ಒರಿಜಿನಲ್ ಸೀಟಿನ್ ಮ್ಯಾಲೆ ಟವಲ್ಲಾ?" ಎಂದಳು ಅರ್ಪಿತ.

"ಮುಂದೆ ಎಮ್ಮೆ ಗಿಮ್ಮೆ ಬಂದಾವು, ರಸ್ತೆ ನೋಡು," ಎಂದೆ.

ಸಂಜೆ ಮನೆಗೆ ಬಂದಾಗ ಸರಸಮ್ಮ ಗೇಟಿನಲ್ಲೇ ನಿಂತಿದ್ದಳು. ನಾನು ಎಡಗಡೆಯಿಂದ ಇಳಿಯುವುದನ್ನು ನೋಡಿ ಅವಳ ಮುಖ ಸಡಿಲವಾಯಿತು. ಅರ್ಪಿತ ಕೈಕಾಲು ತೊಳೆಯಲು ಒಳಗೆ ಹೋದಳು.

"ಆ ಸ್ಪ್ರಿಂಗು ಚುಚ್ತದೆ ಕಣೇ," ಎಂದೆ.

"ಊಂ."

"ಯಾವಾಗ್ಲಿಂದ?"

"ಚಿಕ್ಕೋಳು ಹೊಟ್ಟೇಲಿದ್ಲಲ್ಲ, ಆವಾಗ್ಲಿಂದ."

ನಮ್ಮ ಚಿಕ್ಕ ಮಗಳಿಗೆ ಈಗ ಇಪ್ಪತ್ತೊಂಬತ್ತು.

"ಒಂದ್ ಮಾತ್ ಯೋಳ್‌ಬಾರ್ದಿತ್ತಾ?"

"ಯೋಳಿದ್ರೆ ಸೀಟ್ ಬಿಚ್ಚಿಸ್ತಿದ್ರಾ?" ಎಂದಳು.

ಬಿಚ್ಚಿಸುತ್ತಿರಲಿಲ್ಲ.