ಕಣ್ಣಿಗೊತ್ತಿಕೊಂಡ ಗುಳಿಗೆ

ಮುದ್ದೇಬಿಹಾಳದ ಕುಡಿತ ಬಿಡಿಸುವ ದವಾಖಾನೆಯಲ್ಲಿ ಎರಡು ಔಷಧ ಸಿಗುತ್ತಿದ್ದವು. ಒಂದು ಬಿಳಿ ಗುಳಿಗೆ, ಇನ್ನೊಂದು ಕಂಪೌಂಡರ್ ಶ್ರೀಶೈಲನ ಬೈಗುಳ. ಗುಳಿಗೆ ದಿನಕ್ಕೆ ಒಂದೇ. ಬೈಗುಳ ಬೇಕಾದಷ್ಟು.

ಸಾರಾಯಿ ಪಾಕೀಟು ಇನ್ನೂ ಬೀದಿಬೀದಿಯಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತಿದ್ದ ಕಾಲ ಅದು. ಆ ಗುಳಿಗೆ ಹೊಟ್ಟೆಯಲ್ಲಿದ್ದಾಗ ಒಂದು ಗುಟುಕು ಸಾರಾಯಿ ಬಿದ್ದರೂ ಮೈ ಕೆಂಪೇರಿ, ಎದೆ ಡವಗುಟ್ಟಿ, ಕರುಳು ಕಿತ್ತು ಬರುವಂತೆ ವಾಂತಿಯಾಗುತ್ತಿತ್ತು. ಆ ಹೆದರಿಕೆಯೇ ಮದ್ದು. ಮನೆಗೆ ಕೊಟ್ಟು ಕಳಿಸಿದರೆ ಗಟಾರಕ್ಕೆ ಎಸೆಯುತ್ತಾರೆಂದು ದಿನಾ ಬೆಳಿಗ್ಗೆ ಕಂಪೌಂಡರನ ಕಣ್ಣೆದುರೇ ನುಂಗಿ, ಬಾಯಿ ತೆರೆದು ತೋರಿಸಬೇಕಿತ್ತು. ಡಾಕ್ಟರು ವಿಜಾಪುರದಿಂದ ವಾರಕ್ಕೊಮ್ಮೆ ಬರುತ್ತಿದ್ದರು. ಉಳಿದ ದಿನವೆಲ್ಲ ಬಸವನ ಬಾಗೇವಾಡಿಯ ಈ ಶ್ರೀಶೈಲನದೇ ದರ್ಬಾರು.

ಟೇಲರ್ ಮಡಿವಾಳಪ್ಪ ಇದೆಲ್ಲವನ್ನೂ ಸಹಿಸಿಕೊಂಡಿದ್ದು ಮಗಳು ಜಯಮಾಲಾಳಿಗಾಗಿ. ಬಸುರಿಯಾದ ಅವಳ ಐದನೇ ತಿಂಗಳ ಕುಬುಸದ ಶಾಸ್ತ್ರಕ್ಕೆ ಸಿಂದಗಿಯಲ್ಲಿದ್ದ ಗಂಡನ ಮನೆಗೆ ಹೋದವನು ಕುಡಿದು, ಬೀಗರೆದುರು ಊಟದ ಪಂಕ್ತಿಯ ಮೇಲೆಯೇ ದೊಪ್ಪನೆ ಬಿದ್ದಿದ್ದ. ಅವಳು ಅಳಲಿಲ್ಲ, ಕೂಗಾಡಲಿಲ್ಲ. "ಯಪ್ಪಾ, ನೀ ಕುಡಿಯೂದು ಬಿಟ್ರ ಬಾಣಂತನಕ್ಕ ನಮ್ಮನಿಗಿ ಬರ್ತೇನಿ. ಇಲ್ಲಾಂದ್ರ ಇಲ್ಲೇ ಅತ್ತಿ ಕಡೆ ಇರ್ತೇನಿ," ಎಂದಷ್ಟೇ ಅಂದಳು. ಚೊಚ್ಚಿಲ ಹೆರಿಗೆಗೆ ಮಗಳು ತವರಿಗೆ ಬಾರದಿದ್ದರೆ ಆ ತವರು ಇದ್ದರೇನು, ಬಿಟ್ಟರೇನು? ಮಡಿವಾಳಪ್ಪ ಮರುವಾರವೇ ದವಾಖಾನೆಯ ಸಾಲಿನಲ್ಲಿ ನಿಂತಿದ್ದ.

ಅವನಿಗೊಂದು ರೂಢಿ. ಕೈಗೆ ಬಂದದ್ದು ಪ್ರಸಾದವಿರಲಿ, ರೊಟ್ಟಿಯ ಚೂರಿರಲಿ, ಕಣ್ಣಿಗೊತ್ತಿಕೊಳ್ಳದೆ ಬಾಯಿಗೆ ಹಾಕಿದವನಲ್ಲ. ಗುಳಿಗೆಯನ್ನೂ ಹಾಗೆಯೇ ಎಡಗೈ ಮೇಲೆ ಬಲಗೈಯಿಟ್ಟು ಇಸಿದುಕೊಂಡು, ಎರಡೂ ಕಣ್ಣಿಗೆ ಒತ್ತಿ, ಆಮೇಲೆ ನುಂಗುತ್ತಿದ್ದ. ಮಗಳನ್ನು ಮನೆಗೆ ಕರೆತರುವ ಗುಳಿಗೆ ಅವನಿಗೆ ತೀರ್ಥವೇ ಆಗಿತ್ತು.

ಒಂದು ದಿನ ಅದು ಶ್ರೀಶೈಲನ ಕಣ್ಣಿಗೆ ಬಿತ್ತು.

"ಏ ಕುಡುಕಾ, ನಿಲ್ಲು! ಕಣ್ಣಿಗೆ ಒತ್ಕೊಂಡಂಗ ಮಾಡಿ ಗುಳಿಗಿ ಅಂಗಿ ತೋಳಿನ್ಯಾಗ ಇಳಸ್ತಿ? ನನಗ ಮಂಕಬೂದಿ ಎರಚ್ತೀ?"

"ಇಲ್ರಿ ಸಾಹೇಬ್ರ, ನುಂಗೇನ್ರಿ. ಬಾಯಿ ನೋಡ್ರಿ."

"ಬಾಯಿ ಬ್ಯಾಡ, ಅಂಗಿ ಬಿಚ್ಚು."

ಹೆಣ್ಣುಮಕ್ಕಳಿದ್ದ ಸಾಲಿನೆದುರು ಮಡಿವಾಳಪ್ಪ ಅಂಗಿ ಬಿಚ್ಚಿದ. ಶ್ರೀಶೈಲ ಅದನ್ನು ಜಾಡಿಸಿದ, ತೋಳು ತಿರುವಿದ, ಜೇಬು ಹೊರಗೆಳೆದ. ಸೂಜಿ ಚುಚ್ಚಿದ್ದ ಒಂದು ದಾರದುಂಡೆ ಬಿಟ್ಟರೆ ಏನೂ ಸಿಗಲಿಲ್ಲ. ಸಿಗದಿದ್ದದ್ದಕ್ಕೇ ಅವನ ಸಿಟ್ಟು ನೆತ್ತಿಗೇರಿತು. "ಎಲ್ಲೆರೆ ಒಗದಿರ್ತಿ. ನಾಳಿಂದ ಈ ಕಡೆ ಹಾಯಬ್ಯಾಡ," ಎಂದು ಅಂಗಿಯನ್ನು ಮುಖಕ್ಕೆ ಎಸೆದ. ತಪ್ಪು ತನ್ನದೆಂದು ಒಪ್ಪಿಕೊಳ್ಳುವುದಕ್ಕಿಂತ ಇನ್ನೊಬ್ಬರ ಬದುಕಿಗೆ ಕಲ್ಲು ಹಾಕುವುದು ಇಂಥವರಿಗೆ ಸಲೀಸು.

ಮಡಿವಾಳಪ್ಪ ಗುಂಡಿ ಹಾಕಿಕೊಳ್ಳುವುದನ್ನೂ ಮರೆತು ಹೊರಟ. ಕಾಲು ತಾವಾಗಿಯೇ ಬಸ್‌ಸ್ಟ್ಯಾಂಡಿನ ಹಿಂದಿನ ಸಾರಾಯಿ ಅಂಗಡಿಯ ಹಾದಿ ಹಿಡಿದವು. ನುಂಗಿದ ಗುಳಿಗೆ ಒಳಗಿದೆ, ಈಗ ಕುಡಿದರೆ ಜೀವಕ್ಕೇ ಕುತ್ತು ಎಂಬುದು ಅವನಿಗೆ ಗೊತ್ತಿತ್ತು. ಹೋದರೆ ಹೋಗಲಿ ಅನ್ನಿಸಿತು.

ಹಿಂದಿನಿಂದ ಯಾರೋ ರಟ್ಟೆ ಹಿಡಿದು ಜಗ್ಗಿದರು. ಗುಳಿಗೆಗೆಂದು ತಂಗಡಗಿಯಿಂದ ದಿನಾ ಬಸ್ಸಿಗೆ ಬರುವ, ಸಾಲಿನಲ್ಲಿ ಅವನ ಮಗಳ ಸುದ್ದಿಯನ್ನೆಲ್ಲ ಕೇಳಿದ್ದ ಗುಂಡವ್ವ. ಇಟ್ಟಂಗಿ ಸುಡುವ ಭಟ್ಟಿಯಲ್ಲಿ ದುಡಿದು, ಮೈನೋವಿಗೆಂದು ಕುಡಿಯಲು ಶುರುಮಾಡಿ, ಕೊನೆಗೆ ಸಾರಾಯಿಯ ಕೈಗೇ ಸಿಕ್ಕಿಬಿದ್ದಿದ್ದ ಮುದುಕಿ.

"ಎಲ್ಲಿಗೋ ತಮ್ಮಾ?"

"ಬಿಡಬೇ ಯಕ್ಕಾ. ಇನ್ನ ಗುಳಿಗಿನ ಇಲ್ಲಂದ ಮ್ಯಾಲ ನಾ ಉಳಿಯಂಗಿಲ್ಲ. ನನ್ನ ಮ್ಯಾಲ ನನಗ ಭರೋಸಾ ಇಲ್ಲ."

"ನನಗರೆ ನನ್ನ ಮ್ಯಾಲ ಎಲ್ಲೈತೋ ಹುಚ್ಚಾ! ಅವನ ಸಿಟ್ಟಿಗೆ ನೀ ಕುಡದ್ರ ಅವಗೇನಾತು? ಬಾಣಂತನಕ್ಕ ಬರದ ಉಳಿಯಾಕಿ ನಿನ್ನ ಮಗಳು. ಬಾ, ಚಾ ಕುಡಿಯೂಣು."

ತನ್ನ ಬಸ್ಸು ಹೋದದ್ದನ್ನು ನೋಡಿಯೂ ಅವಳು ಏಳಲಿಲ್ಲ. ಅವನ ಕಣ್ಣೀರು ನಿಲ್ಲುವವರೆಗೆ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಭಟ್ಟಿಯ ಮಾಲಕನನ್ನು ಅಣಕಿಸಿ ನಗಿಸಿದಳು. ಆಮೇಲೆ ಅವನನ್ನು ಮನೆಯ ಬಾಗಿಲಿಗೇ ಮುಟ್ಟಿಸಿ, "ನಾಳಿ ಬಾ. ಬರಲಿಲ್ಲಂದ್ರ ನಾನ ಬಂದು ಎಳಕೊಂಡ ಹೋಗ್ತೇನಿ," ಎಂದು ಗದರಿಸಿ ಹೋದಳು. ಹೆತ್ತ ತಾಯಿ ಸತ್ತ ಮೇಲೆ ಮಡಿವಾಳಪ್ಪನನ್ನು ಹಾಗೆ ಯಾರೂ ಗದರಿಸಿರಲಿಲ್ಲ.

ಮರುದಿನ ಅವನು ಹೋದ. ಆದರೆ ಒಳಗೆ ಹೋಗುವ ಧೈರ್ಯವಾಗದೆ ಗೇಟಿನ ಬಳಿಯೇ ನಿಂತ. ಸಾಲಿನ ಮುಂದೆ ಗುಂಡವ್ವ ಇದ್ದಳು. ಗುಳಿಗೆ ಇಸಿದುಕೊಂಡವಳು ಎರಡೂ ಕಣ್ಣಿಗೆ ಒತ್ತಿಕೊಂಡು, ಅಂಗೈ ಚಾಚಿ ಹಾಗೆಯೇ ನಿಂತಳು.

"ನುಂಗಬೇ ಮುದುಕಿ," ಎಂದ ಶ್ರೀಶೈಲ.

"ನಾನೂ ಕಣ್ಣಿಗೆ ಒತ್ಕೊಂಡೇನಿ. ಬಾ, ನನ್ನ ಕುಪ್ಪಸಾನೂ ಬಿಚ್ಚಿಸಿ ಜಾಡಿಸು."

ಶ್ರೀಶೈಲ ಮುಖ ತಿರುಗಿಸಿ ಮುಂದಿನವನಿಗೆ ಗುಳಿಗೆ ತೆಗೆದ. ಗುಂಡವ್ವನ ಹಿಂದಿದ್ದ ಆಟೋ ಹೊಡೆಯುವ ಹಾಜಿಮಲಂಗ ಕೈ ನೀಡಿ ಗುಳಿಗೆ ತೆಗೆದುಕೊಂಡು, "ಬಿಸ್ಮಿಲ್ಲಾ" ಎಂದು ತಾನೂ ಕಣ್ಣಿಗೊತ್ತಿಕೊಂಡು ನಿಂತ. ಅವನ ಹಿಂದಿನವರೂ ಕೈ ಚಾಚಿದರು.

"ಮೊದಲ ಅವಗ ಕೊಡು," ಗುಂಡವ್ವ ಗೇಟಿನತ್ತ ಗದ್ದ ಎತ್ತಿದಳು. "ಇಲ್ಲಾಂದ್ರ ನಾವ್ಯಾರೂ ನುಂಗಂಗಿಲ್ಲ. ನಾವೆಲ್ಲಾ ಕುಡದು ಇದ ಗೇಟಿನ ಮುಂದ ಬೀಳ್ತೇವಿ. ಡಾಕ್ಟರ್ ಬಂದ್ರ ನೀನ ಉತ್ತರಾ ಕೊಡು."

ಶ್ರೀಶೈಲ ಸಾಲನ್ನೊಮ್ಮೆ ನೋಡಿದ, ಗೇಟಿನತ್ತ ನೋಡಿದ. "ಬರ್ಲಿ ಬಿಡು," ಎಂದು ಗೊಣಗಿದ. ಅವನೇನು ಅಂದಿನಿಂದ ಸಾಧುವಾಗಲಿಲ್ಲ. ಬೈಗುಳ ನಿಲ್ಲಲಿಲ್ಲ. ಆದರೆ ಮತ್ತೆ ಯಾರ ಮೈಮೇಲಿನ ಬಟ್ಟೆಗೂ ಕೈ ಹಾಕಲಿಲ್ಲ.

ದಿನ ತುಂಬುವ ಹೊತ್ತಿಗೆ ಜಯಮಾಲಾ ಬಂದಳು. ಬಸ್ಸಿಳಿದವಳು ಅಪ್ಪನ ಹತ್ತಿರ ನಿಂತು ಉಸಿರೆಳೆದು ನೋಡಿ, ಚೀಲ ಅವನ ಕೈಗಿತ್ತಳು. ಮಡಿವಾಳಪ್ಪನಿಗೆ ಸ್ವರ್ಗ ಮೂರೇ ಗೇಣು ಉಳಿಯಿತು. ಹೆರಿಗೆ ಮನೆಯಲ್ಲೇ ಆಯಿತು, ಹೆಣ್ಣು ಕೂಸು. ಕೂಸಿನ ನಾಲಿಗೆಗೆ ಮೊದಲ ಹನಿ ಜೇನು ಯಾರು ಮುಟ್ಟಿಸುತ್ತಾರೋ ಅವರ ಗುಣವೇ ಕೂಸಿಗೆ ಬರುತ್ತದೆಂದು ಈ ಕಡೆಯ ನಂಬಿಕೆ. ಯಾರನ್ನು ಕರೆಯುವುದೆಂದು ಹೆಂಡತಿ ಇಂದುಬಾಯಿ ಓಣಿಯ ದೊಡ್ಡವರ ಹೆಸರನ್ನೆಲ್ಲ ಎಣಿಸತೊಡಗಿದಳು.

"ಗುಂಡವ್ವನ್ನ ಕರ್ಕೊಂಡ ಬರ್ತೇನಿ," ಎಂದ ಮಡಿವಾಳಪ್ಪ.

"ಕುಡುಕ ಮುದುಕಿನ್ನ?" ಇಂದುಬಾಯಿ ಬಾಯಿಗೆ ಸೆರಗು ಹಿಡಿದಳು.

"ಕರೀಲಿ ಬಿಡ ಯವ್ವಾ," ಒಳಗಿನಿಂದ ಜಯಮಾಲಾ ಹೇಳಿದಳು. "ಆಕಿ ಇಲ್ಲಾಂದ್ರ ನಾ ಇಲ್ಲಿ ಎಲ್ಲಿ ಇರ್ತಿದ್ನಿ?"

ದವಾಖಾನೆಯ ಸಾಲಿನಿಂದಲೇ ಕರೆತಂದ ಗುಂಡವ್ವ ಕಾರಣ ಕೇಳಿ ಹೊಸ್ತಿಲಲ್ಲೇ ನಿಂತುಬಿಟ್ಟಳು. "ಬ್ಯಾಡೋ ತಮ್ಮಾ. ನನ್ನ ಗುಣಾ ಯಾಕ ಕೂಸಿಗೆ?" ಮಡಿವಾಳಪ್ಪ ಬಗ್ಗಿ ಅವಳ ಪಾದ ಮುಟ್ಟಿದ. ಅವಳು ಸಬಕಾರ ಹಚ್ಚಿ ಎರಡೆರಡು ಸಲ ಕೈ ತೊಳೆದಳು. ಜೇನಿನಲ್ಲಿ ಅದ್ದಿದ ಬೆರಳನ್ನು ಕೂಸಿನ ಬಾಯಿಯ ಹತ್ತಿರ ಒಯ್ದು ಹಿಂದೆಳೆದುಕೊಂಡಳು. ಅವನು ಅವಳ ಮುಂಗೈ ಹಿಡಿದು ಮುಂದಕ್ಕೆ ತಂದ. ಕೂಸು ನಾಲಿಗೆ ಚಾಚಿ ಚಪ್ಪರಿಸಿತು.

ಗುಂಡವ್ವ ಕೂಸಿನ ಗದ್ದಕ್ಕೆ ಹತ್ತಿದ ಜೇನನ್ನು ಸೆರಗಿನಿಂದ ಒರೆಸಿದಳು.

"ನನ್ನ ಸಿಗಿಸಿಬಿಟ್ಟೆಲ್ಲೋ ತಮ್ಮಾ," ಎಂದಳು. "ಇನ್ನ ನಾ ಕುಡದ್ರ ಇಕಿಗೆ ಹತ್ತತೈತಿ."